ಕೊಕ್ಕೆ ಬಿಚ್ಚಿದ ಮಿಂಚುಳ್ಳಿ

"ನಿಲ್ಲಿಸು ಅದನ್ನ!"

ಆಗಷ್ಟೇ ಬಾಗಿಲಿಗೆ ಬಂದ ಅತ್ತೆಯ ಕೂಗಿಗೆ ಸೊಸೆಯ ಬೆರಳು ಗುಂಡಿಯ ಮೇಲೇ ನಿಂತುಬಿಟ್ಟಿತು. ಎದುರಿನ ಪರದೆಯಲ್ಲಿ ಮಿಂಚುಳ್ಳಿ, ಊರೂರಿನ ಮಕ್ಕಳ ಕಣ್ಮಣಿ, ಎರಡು ಸಿನಿಮಾಗಳಲ್ಲಿ ಲೋಕವನ್ನೇ ಉಳಿಸಿದ ನೀಲಿ ಮೇಲಂಗಿಯ ವೀರ, ಮುಖವಾಡ ಕಳಚಿ ನೆಲದ ಮೇಲೆ ಕುಳಿತಿದ್ದ. ಅವನನ್ನು ಹಾರಿಸುವ ಉಕ್ಕಿನ ತಂತಿಗಳೆರಡು ಬೆನ್ನ ಹಿಂದೆ ಬಟ್ಟೆ ಒಣಹಾಕುವ ಹಗ್ಗದಂತೆ ಜೋಲಾಡುತ್ತಿದ್ದವು.

"ಹೀರೋ ನೆಲದ ಮೇಲೆ ಕೂತ್ಕೋತಾನಾ? ಅದೂ ತಂತಿ ಕಾಣೋ ಹಾಗೆ! ತಲೆ ನೆಟ್ಟಗಿದೆಯಾ ನಿಂಗೆ?"

"ಅತ್ತೆ, ನಾನು ಹೇಳೋದೇನಂದ್ರೆ..."

"ನೀನೇನೂ ಹೇಳ್ಬೇಡ. ಕತ್ತರಿಸಿ ಬಿಸಾಕು."

ಆ ಮನೆಯಲ್ಲಿ ಸಿನಿಮಾ ಯಾವುದು, ಸಂಸಾರ ಯಾವುದು ಎಂದು ಬಿಡಿಸಿ ಹೇಳುವುದು ಕಷ್ಟವಿತ್ತು. ಅತ್ತೆ ನಿರ್ಮಾಪಕಿ. ಮಗ ಮಿಂಚುಳ್ಳಿ. ಮಿಂಚುಳ್ಳಿಯ ಅಪ್ಪನ ಪಾತ್ರ ಹಾಕುತ್ತಿದ್ದವರು ಮಗನ ಸ್ವಂತ ಅಪ್ಪನೇ. ಒಂದು ಕಾಲದಲ್ಲಿ ಸರ್ಕಸ್ಸಿನಲ್ಲಿ ಜೋಕರ್ ಆಗಿದ್ದವರು. ಕೆಳಗಿನ ಕೋಣೆಯಲ್ಲಿ ಸಂಕಲನ, ಮೇಲೆ ಅಡುಗೆ, ಊಟ, ಜಗಳ. ಸಂಕಲನದ ಕುರ್ಚಿ ಸೊಸೆಯದು. ಮದುವೆಯಾಗಿ ನಾಲ್ಕು ವರ್ಷ. ಇಷ್ಟು ದಿನದಲ್ಲಿ ಆ ಮನೆಯಲ್ಲಿ ಅವಳು ಒಂದೇ ಒಂದು ಮಾತನ್ನು ಪೂರ್ತಿ ಮುಗಿಸಿದ್ದಿಲ್ಲ! ಅವಳು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯ ಫೋನು ಬಡಿದುಕೊಳ್ಳುತ್ತಿತ್ತು, ಇಲ್ಲವೇ ಗಂಡ ಚಪ್ಪಲಿ ಮೆಟ್ಟಿ ಹೊರಟಿರುತ್ತಿದ್ದ. ಮಾವನ ಪಾಡೂ ಅಷ್ಟೇ. ಅವರು ಮಾತ್ರ ನಕ್ಕು ಸುಮ್ಮನಾಗುತ್ತಿದ್ದರು.

ತೆರೆಯ ಮೇಲಿನ ವೀರನೂ ಥೇಟ್ ಹಾಗೇ. ಪ್ರತಿ ಸಿನಿಮಾದಲ್ಲೂ ಅಪ್ಪ, "ನಿಂಗೊಂದು ಮಾತು ಹೇಳ್ಬೇಕು ಕಣೋ" ಎನ್ನುತ್ತಾನೆ. ಎಲ್ಲೋ ಯಾರೋ ಚೀರುತ್ತಾರೆ. ಮಿಂಚುಳ್ಳಿ ಕಿಟಕಿಯಿಂದ ಹಾರಿ ಹೋಗುತ್ತಾನೆ. ಚಿತ್ರಮಂದಿರ ಕಿತ್ತುಹೋಗುವ ಹಾಗೆ ಶಿಳ್ಳೆ! ಕೊನೆಯಲ್ಲಿ ಎಲ್ಲವೂ ಸುಟ್ಟು ಬೂದಿಯಾದ ಮೇಲೆ "ಇನ್ನು ಮನೆಯವರನ್ನ ಬಿಟ್ಟು ಹೋಗಲ್ಲ" ಎಂದು ಕಣ್ಣೀರು ಹಾಕುತ್ತಾನೆ. ಮುಂದಿನ ಸಿನಿಮಾದ ಶುರುವಿನಲ್ಲೇ ಮತ್ತೆ ಅದೇ ಕಿಟಕಿ, ಅದೇ ಹಾರಾಟ. ಪ್ರತಿ ಸಲ ಕಲಿಯುತ್ತಾನೆ, ಪ್ರತಿ ಸಲ ಮರೆಯುತ್ತಾನೆ. ಇದನ್ನು ಬೆಳೆಯುವುದು ಅನ್ನುತ್ತಾರಾ? ಎತ್ತರಕ್ಕೆ ಹಾರಿದ ಮಾತ್ರಕ್ಕೆ ಮನುಷ್ಯ ಬೆಳೆದಂತಾಯಿತೇ? ಸೊಸೆಯ ಎದೆಯಲ್ಲಿ ಈ ಪ್ರಶ್ನೆ ಮುಳ್ಳಿನಂತೆ ಕೂತಿತ್ತು.

ಉತ್ತರ ಸಿಕ್ಕಿದ್ದು ಯಾರೂ ನೋಡದ ತುಣುಕಿನಲ್ಲಿ. ಅವರ ಕ್ಯಾಮೆರಾದವನಿಗೆ ಒಂದು ಅಭ್ಯಾಸ. ನಿರ್ದೇಶಕ "ಕಟ್" ಎಂದರೂ ತಕ್ಷಣ ನಿಲ್ಲಿಸುತ್ತಿರಲಿಲ್ಲ, ಒಂದಷ್ಟು ಹೊತ್ತು ಓಡಲು ಬಿಡುತ್ತಿದ್ದ. ಆ ಬಾಲವನ್ನೆಲ್ಲ ಕಣ್ಣು ಮುಚ್ಚಿ ಕತ್ತರಿಸುವುದು ವಾಡಿಕೆ. ಮೂರನೆಯ ಸಿನಿಮಾದ ಬಾಲವನ್ನು ಸೊಸೆ ಕತ್ತರಿಸುವ ಮೊದಲು ನೋಡಿದಳು. ನೋಡಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ಕಟ್ ಎಂದ ಮೇಲೂ ಮಾವ ಕುರ್ಚಿಯಿಂದ ಏಳಲಿಲ್ಲ. ಬರಿದಾದ ಕಿಟಕಿಯತ್ತ ನೋಡುತ್ತಾ ತಮ್ಮಷ್ಟಕ್ಕೇ ಹೇಳಿಕೊಳ್ಳತೊಡಗಿದರು. "ನಿನ್ನ ಶಾಲೆ ನಾಟಕದ ದಿನ ನಾನು ಬಂದಿದ್ದೆ ಕಣೋ... ಹಿಂದೆ, ಕಂಬದ ಹತ್ರ ನಿಂತಿದ್ದೆ. ಸರ್ಕಸ್ಸಿಂದ ನೇರ ಓಡಿ ಬಂದಿದ್ದೆ. ಮುಖದ ಬಣ್ಣ ತೊಳೆಯೋಕೂ ಹೊತ್ತಿರಲಿಲ್ಲ. ನಿನ್ನ ಗೆಳೆಯರು ಜೋಕರ್ ಮಗ ಅಂತ ನಗಬಾರದು ಅಂತ ಮುಂದೆ ಬರ್ಲಿಲ್ಲ..."

ತಂತಿಯಲ್ಲಿ ನೇತಾಡುತ್ತಿದ್ದ ಮಗ ಕಿಟಕಿಯಿಂದ ಮೆಲ್ಲನೆ ಒಳಗಿಳಿದ. ಬೆನ್ನ ಹಿಂದೆ ಕೈ ಹಾಕಿ ಕೊಕ್ಕೆ ಬಿಚ್ಚಿದ. ಒಂದು... ಎರಡು. ಮುಖವಾಡ ತೆಗೆದು ಅಪ್ಪನ ಕಾಲ ಬುಡದಲ್ಲಿ ಕುಳಿತ.

"ಹೇಳಪ್ಪ. ಪೂರ್ತಿ ಹೇಳು. ಕೇಳ್ತೀನಿ." ಮಾವ ಮೊದಲಿನಿಂದ ಎಲ್ಲವನ್ನೂ ಹೇಳಿದರು.

ಈ ತುಣುಕನ್ನು ಸಿನಿಮಾದಲ್ಲಿ ಹಾಕಲೇ ಎಂದು ಸೊಸೆ ಮೊದಲು ಮಾವನನ್ನು ಕೇಳಿದಳು. "ಹಾಕು ಮಗಳೇ" ಎಂದರು ಅವರು, ಕಣ್ಣೊರೆಸಿಕೊಂಡು. "ಅವತ್ತು ಬಣ್ಣ ಮುಚ್ಚಿಡೋಕೆ ಹೋಗಿ ಮಗನ್ನ ಕಳ್ಕೊಂಡೆ. ಇವತ್ತು ತಂತಿ ಯಾಕೆ ಮುಚ್ಚಿಡ್ಬೇಕು?" ಗಂಡ "ನಿಂಗೆ ಸರಿ ಅನ್ನಿಸಿದ್ದು ಮಾಡು" ಎಂದು ಗೊಣಗಿ, ಎಂದಿನಂತೆ ಚಪ್ಪಲಿ ಮೆಟ್ಟಿ ಹೊರಟುಹೋದ. ಆ ದಿನ ಕೆಳಗಿಳಿದು ಕುಳಿತವನು ಇವನೇನಾ ಎಂದು ಅವಳಿಗೇ ಅನುಮಾನವಾಯಿತು.

ಅತ್ತೆಯ ಕೋಪಕ್ಕೂ ಕಾರಣವಿತ್ತು. ಸರ್ಕಸ್ ಮುಚ್ಚಿದಾಗ ಬೀದಿಗೆ ಬಿದ್ದಿದ್ದ ಸಂಸಾರವನ್ನು ಆ ಶಿಳ್ಳೆಯ ಮೇಲೇ ಎತ್ತಿ ನಿಲ್ಲಿಸಿದವರು ಅವರು.

"ಬಿಡುಗಡೆಗೆ ಮುಂಚೆ ಜನಕ್ಕೆ ತೋರ್ಸೋಣ" ಎಂದು, ಸೊಸೆ ಕತ್ತರಿಸಲು ಒಪ್ಪದಿದ್ದಾಗ, ಕಡೆಗೆ ಹಲ್ಲು ಕಚ್ಚಿ ಹೇಳಿದರು. "ಒಬ್ಬರು ನಕ್ಕರೂ ಸಾಕು, ಆ ಕುರ್ಚಿಗೂ ನಿಂಗೂ ಇನ್ನು ಸಂಬಂಧ ಇಲ್ಲ. ಮೇಲಿನ ಅಡುಗೆಮನೆ ನೋಡ್ಕೋ."

ಭಾನುವಾರ ಬೆಳಗಿನ ಆಟ. ಚಿಕ್ಕ ಚಿತ್ರಮಂದಿರ ಕಿಕ್ಕಿರಿದಿತ್ತು. ನಾಲ್ವರೂ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಮಿಂಚುಳ್ಳಿ ಕಿಟಕಿಯಿಂದ ಹಾರಿದ. ಶಿಳ್ಳೆಯೋ ಶಿಳ್ಳೆ! ಅತ್ತೆ ಸೊಸೆಯತ್ತ ನೋಡಿ ಹುಬ್ಬು ಹಾರಿಸಿದರು. ಆಮೇಲೆ ಅವನು ಮರಳಿ ಬಂದ. ತಂತಿ ಕಂಡಿತು.

ಮುಂದಿನ ಸಾಲಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಸೊಸೆ ಅತ್ತೆಯತ್ತ ತಿರುಗಿದಳು. ಮುಗಿಯಿತು... ಎಲ್ಲ ಮುಗಿಯಿತು! ಅತ್ತೆ ಸೆರಗು ಸರಿಪಡಿಸಿಕೊಂಡು ಎದ್ದು ನಿಂತರು. ಅಷ್ಟರಲ್ಲಿ ಮೊದಲ ಕೊಕ್ಕೆ ಬಿಚ್ಚಿದ ಸದ್ದು ಕೇಳಿಸಿತು. ಆಮೇಲೆ ಎರಡನೆಯದು. ನಕ್ಕವರೂ ಗಪ್‌ಚುಪ್ಪಾದರು. ಇಡೀ ಚಿತ್ರಮಂದಿರ ಆ ಮುದುಕನ ಮಾತು ಕೇಳಿತು. "ಕಂಬದ ಹತ್ರ ನಿಂತಿದ್ದೆ" ಎಂದಾಗ ಎಲ್ಲೋ ಒಬ್ಬ ಹೆಂಗಸು ಬಿಕ್ಕಿದಳು.

ಎದ್ದು ನಿಂತಿದ್ದ ಅತ್ತೆ ಹಾಗೇ ನಿಂತುಬಿಟ್ಟರು. ತಮ್ಮ ಗಂಡ ಬಣ್ಣ ತೊಳೆಯದೆ ಓಡಿ ಹೋಗಿದ್ದು ಅವರಿಗೂ ಗೊತ್ತಿರಲಿಲ್ಲ! ತಂತಿ ಕಂಡ ಸಿಟ್ಟಿನಲ್ಲಿ ಆ ತುಣುಕನ್ನು ಅವರು ಪೂರ್ತಿ ನೋಡಿರಲೇ ಇಲ್ಲ. ಅಪ್ಪ ಬರಲೇ ಇಲ್ಲವೆಂದು ಮಗನಿಗೆ ಇಷ್ಟು ವರ್ಷ ಹೇಳಿಕೊಟ್ಟವರು ಅವರೇ.

ಆಟ ಮುಗಿದಾಗ ಶಿಳ್ಳೆ ಬೀಳಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತಟ್ಟುತ್ತಲೇ ಇದ್ದರು. ಮಗ ಅಪ್ಪನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು ಚಿಕ್ಕ ಮಗುವಿನಂತೆ ಅಳುತ್ತಿದ್ದ. ಹೊರಗೆ ಪತ್ರಿಕೆಯವರು ಕೂಗಿ ಕರೆಯುತ್ತಿದ್ದರೂ ಅವನು ಏಳಲಿಲ್ಲ.

ಅತ್ತೆ ಗಂಡನ ಮುಂದೆ ಹೋಗಿ ನಿಂತರು. "ನಂಗಾದ್ರೂ ಹೇಳಬಾರದಿತ್ತೇನ್ರೀ?"

"ಹೇಳೋಕೆ ಬಂದಿದ್ದೆ ಕಣೇ... ನೀನು ಕೆಲಸದಲ್ಲಿದ್ದೆ."

ಅತ್ತೆಯ ಕಣ್ಣು ತುಂಬಿ ಬಂತು. ಸೊಸೆಯ ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತರು. ಕೈಯಲ್ಲಿದ್ದ ಫೋನು ಬಡಿದುಕೊಳ್ಳತೊಡಗಿತು. ಅದನ್ನು ಒಮ್ಮೆ ನೋಡಿದರು. ಸದ್ದಡಗಿಸಿ ಚೀಲದೊಳಗೆ ಹಾಕಿದರು.

"ಆ ಕುರ್ಚಿ ನಿಂದೇ. ಮುಂದಿನ ಭಾಗದಲ್ಲಿ ಇವನು ಮತ್ತೆ ಹಾರಿ ಹೋಗ್ತಾನಾ?"

"ಹೋಗ್ತಾನೆ ಅತ್ತೆ, ಹೋಗಲೇಬೇಕು. ಆದ್ರೆ ಅಪ್ಪನ ಮಾತು ಮುಗಿಸ್ಕೊಂಡು ಹೋಗ್ತಾನೆ."

ಅತ್ತೆ ಮೂಗೊರೆಸಿಕೊಂಡು ಅವಳತ್ತ ತಿರುಗಿದರು. "ಅವತ್ತು ಕೋಣೆಯಲ್ಲಿ ಏನೋ ಹೇಳೋಕೆ ಬಂದಿದ್ದೆಯಲ್ಲ? 'ನಾನು ಹೇಳೋದೇನಂದ್ರೆ' ಅಂತ... ಹೇಳು."

ಸೊಸೆ ಮೊದಲಿನಿಂದ ಶುರುಮಾಡಿದಳು. ಚಿತ್ರಮಂದಿರ ಖಾಲಿಯಾಗಿ, ಕಸ ಗುಡಿಸುವವರು ಒಳಗೆ ಬಂದರೂ ಅವಳ ಮಾತು ನಡೆದೇ ಇತ್ತು. ಅತ್ತೆ ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ.