ಅಮ್ಮನ ಕೆನ್ನೆಗೆ ಸಗಣಿ

"ಮುಟ್ಟಬೇಡ! ಕೈ ತೆಗಿ ಅಂದ್ನಲ್ಲ, ತೆಗಿಯೋ!"

ಸಿಂಧು ಕಿರುಚಿದ ರಭಸಕ್ಕೆ ಬೈರೇಶ ಬೆಚ್ಚಿಬಿದ್ದ. ಅವನ ಕೈಯಲ್ಲಿ ಸಗಣಿ ಬಗ್ಗಡ. ಅವಳ ಅಮ್ಮನ ಮಣ್ಣಿನ ಮೂರ್ತಿಯ ಕೆನ್ನೆ ತುಂಬಾ ಅದೇ ಬಗ್ಗಡ!

ತೀರಿಹೋದ ಅಮ್ಮನದೊಂದು ನೆಟ್ಟಗಿನ ಫೋಟೋ ಕೂಡ ಇರಲಿಲ್ಲ. ನಂದಗುಡಿಯ ಈ ಶೆಡ್ಡಿನಲ್ಲಿ ಕೂತು, ನೆನಪಿನಿಂದಲೇ ಹಸಿಮಣ್ಣಿನಲ್ಲಿ ಆ ಮುಖ ತಿದ್ದಿದ್ದಳು ಸಿಂಧು. ನಾಳೆ ಪ್ಲಾಸ್ಟರ್ ಅಚ್ಚು ತೆಗೆಯುವವರೆಗೆ ಮಣ್ಣು ಒಣಗಬಾರದು, ಬಿರುಕು ಬಿಡಬಾರದು. ಒದ್ದೆ ಬಟ್ಟೆ ಹೊದಿಸಿ ಹೊಸಕೋಟೆಗೆ ಹೋಗಿ ಬರುವಷ್ಟರಲ್ಲಿ ಪಕ್ಕದ ಮನೆಯ ಈ ಪುಣ್ಯಾತ್ಮನ ಕೆಲಸ ನೋಡಿ!

"ಬಟ್ಟೆ ಒಣಗಿಹೋಗಿತ್ತು ಸಿಂಧು... ಕೆನ್ನೆ ಸೀಳು ಬಿಡ್ತಾ ಇತ್ತು. ರಾಗಿ ಕಣ ಬಿರುಕು ಬಿಟ್ರೆ ಇದನ್ನೇ ಅಲ್ವಾ ಸಾರಿಸೋದು..."

"ನಮ್ಮಮ್ಮನ ಮುಖ ನಿನಗೆ ರಾಗಿ ಕಣ ಥರ ಕಾಣ್ತದಾ? ನಡಿ ಆಚೆ!"

ಅವನು ತಲೆ ತಗ್ಗಿಸಿ ಹೊರನಡೆದ. ಸಿಂಧು ಒದ್ದೆ ಸ್ಪಂಜು ಹಿಡಿದು ಬಗ್ಗಡ ಉಜ್ಜತೊಡಗಿದಳು. ಹಾಳಾದವನು! ಕೈ ಬಿದ್ದುಹೋಗ!

ಸಿಟ್ಟಿನಲ್ಲಿ ಉಜ್ಜಿದ್ದಕ್ಕೆ ಕೆನ್ನೆಯ ಹೆಂಟೆಯೇ ಕಳಚಿ ಜಾರತೊಡಗಿತು.

"ಅಯ್ಯೋ... ಬೈರೇಶಾ! ಬಾರೋ!"

ಅಂಗಳದಲ್ಲೇ ನಿಂತಿದ್ದವನು ಓಡಿಬಂದು ಅಂಗೈಯೊಡ್ಡಿ ಕೆನ್ನೆ ಹಿಡಿದ.

"ಅಲುಗಾಡಿದ್ರೆ ಕೊಂದ್ಬಿಡ್ತೀನಿ!"

"ಹೂಂ."

ಸಿಂಧು ಬಿರುಕಿಗೆ ತಿಳಿಮಣ್ಣು ತುಂಬಿದಳು. ಸಿಟ್ಟು ಇನ್ನೂ ಕುದಿಯುತ್ತಿತ್ತು. ಆದರೆ ಯಾರ ಮೇಲೆ? ಇಂಥ ಬಿಸಿಲಲ್ಲಿ ಒಂದೇ ಪದರ ಬಟ್ಟೆ ಹೊದಿಸಿ ಹೋದವಳು ತಾನೇ ಅಲ್ಲವೇ...

"ಒಂದು ಫೋನ್ ಮಾಡೋಕೆ ಏನಾಗಿತ್ತು ನಿನಗೆ?"

"ಮಾಡ್ದೆ. ಹೋಗ್ಲೇ ಇಲ್ಲ. ಹೋದ ವಾರ ಇಷ್ಟ ಅಂತ ಮೆಸೇಜ್ ಹಾಕಿದ್ದಕ್ಕೆ ನೀನೇ ಬ್ಲಾಕ್ ಮಾಡಿದ್ದೀಯಲ್ಲ."

ಸಿಂಧು ಮತ್ತೆ ಉರಿದುಬಿದ್ದಳು.

"ಗೋಡೆಯಾಚೆ ಮನೆ ಇಟ್ಕೊಂಡು ಮೆಸೇಜ್ ಹಾಕ್ತಾರೇನೋ? ಎದುರಿಗೆ ಬಂದು ಹೇಳೋಕೆ ಬಾಯಿರ್ಲಿಲ್ವಾ? ಅದಕ್ಕೇ ಬ್ಲಾಕ್ ಮಾಡಿದ್ದು ಕಣೋ, ದಡ್ಡ!"

ಬೈರೇಶ ಕೆನ್ನೆಯಿಂದ ಕೈ ತೆಗೆಯದೆಯೇ ಅವಳತ್ತ ತಿರುಗಿದ.

"ನೀನಂದ್ರೆ ಇಷ್ಟ ಕಣೇ, ಸಿಂಧು."

ಬಿರುಕು ಮುಚ್ಚಿತ್ತು. ಕೆನ್ನೆ ನಿಂತಿತ್ತು. ಅಲ್ಲಿಯವರೆಗೆ ತಡೆದಿದ್ದ ಅಳು ಈಗ ಬಂದೇಬಿಟ್ಟಿತು.

"ಅಮ್ಮನ ಮುಂದೇನೇ ಹೇಳ್ಬಿಟ್ಟೆಯಲ್ಲೋ..."

"ಅವರನ್ನೇ ಅಲ್ವಾ ಕೇಳ್ಬೇಕಾದ್ದು, ಮಗಳನ್ನ ಕೊಡಿ ಅಂತ?"

ಸಿಂಧು ಮೊಣಕೈಯಿಂದ ಕಣ್ಣೊರೆಸಿಕೊಂಡಳು.

"ಕೇಳು ಮತ್ತೆ. ನಾನು ಇಷ್ಟಪಟ್ಟಿದ್ದನ್ನ ಅಮ್ಮ ಯಾವತ್ತೂ ಬೇಡ ಅಂದೋಳಲ್ಲ."