ಮೌನದ ಕೋಣೆಯ ಹೂಗಳು

ಹೂವಿಗೆ ಕಿವಿಯಿಲ್ಲದಿದ್ದರೂ ದುಂಬಿಯ ರೆಕ್ಕೆಯ ಸದ್ದಿಗೆ ಅದು ತನ್ನ ಮಕರಂದವನ್ನು ಇನ್ನಷ್ಟು ಸಿಹಿಗೊಳಿಸುತ್ತದೆಂದು ನಾನು ಸಾಧಿಸಿ ತೋರಿಸಿದ್ದು ತುಂಬು ಯೌವನದಲ್ಲಿ. ಹಲ್ಲುಕಚ್ಚಿ, ಹತ್ತಾರು ಮಂದಿಯ ನಗೆಯನ್ನು ನುಂಗಿ. ಆ ಗೆಲುವಿನ ಮಾತು ಬಂದಾಗಲೆಲ್ಲ ನನಗೆ ಮೊದಲು ಬರುವುದು ಹಿಗ್ಗಲ್ಲ, ಸಿಟ್ಟು.

ಗಾಜಿನಮನೆಯಲ್ಲಿ ಎರಡು ಕೋಣೆ. ಒಂದರಲ್ಲಿ ಸ್ಪೀಕರಿನಿಂದ ದುಂಬಿಯ ಸದ್ದು, ಇನ್ನೊಂದರಲ್ಲಿ ಮೌನ. ಸದ್ದು ಕೇಳಿದ ಹೂವು ಮಾತ್ರ ಸಿಹಿಯೇರಬೇಕು. ಆದರೆ ಎರಡೂ ಕಡೆ ಸಮನಾಗಿ ಏರುತ್ತಿತ್ತು! ಸಂಶೋಧನಾ ಸಂಸ್ಥೆಯ ನಿರ್ದೇಶಕರು ಕಡ್ಡಿ ಮುರಿದಂತೆ ಹೇಳಿದರು: "ಸೋಮವಾರ ಬೀಗದಕೈ ಕೊಟ್ಟುಬಿಡಮ್ಮ."

ಹೊರಗಿನ ಸದ್ದು ಮೌನದ ಕೋಣೆಯನ್ನು ಹೊಗದಂತೆ ಕಾಯಲು ಒಬ್ಬ ಸೌಂಡ್ ಎಂಜಿನಿಯರ್ ಇದ್ದ. ಗೋಡೆಯ ಬಿರುಕಿಗೆ ರಬ್ಬರು ಮೆತ್ತುತ್ತ ನನ್ನನ್ನು ಕದ್ದು ನೋಡುವನು. ಸಿಕ್ಕಿಬಿದ್ದರೆ ತಟಕ್ಕನೆ ಬಿರುಕಿನತ್ತ ಕಣ್ಣು ಹೊರಳಿಸುವನು. ನಾನೋ, ಪಕ್ಕದ ಕೋಣೆಯ ಸ್ಪೀಕರಿನ ಕೊರೆಯುವ ಸದ್ದಿಗೆಂದು ತೊಟ್ಟ ಕಿವಿಗವಚವನ್ನು ಮೌನದ ಕೋಣೆಯಲ್ಲೂ ತೆಗೆಯುತ್ತಿರಲಿಲ್ಲ. ಮೌನದಲ್ಲಿ ಕೇಳುವುದಕ್ಕೇನಿದೆ?

ಆ ಶುಕ್ರವಾರ ಅಲ್ಲೇ ರೋಷದಿಂದ ಕಿವಿಗವಚವನ್ನು ಕಿತ್ತು ಮೇಜಿಗೆ ಬಡಿದೆ. ಆಗ ಕೇಳಿಸಿತು. ಅವನು ಗೋಡೆಗೆ ಮುಖಮಾಡಿ, ತುಟಿ ಮುಚ್ಚಿ ಗುನುಗುತ್ತಿದ್ದ. ಅಪ್ಪಟ ದುಂಬಿ!

"ರೀ! ಏನ್ರೀ ಅದು?"

"ಯಾವುದು?"

"ಮೂಗಲ್ಲಿ ಹಾಡ್ತಿದ್ರಲ್ಲ, ನನ್ನ ಮೌನದ ಕೋಣೇಲಿ!"

"ಅಯ್ಯೋ... ಸದ್ದು ಬಂತಾ?"

"ಬಂತಾ ಅಂತೆ! ವರ್ಷದ ಕೆಲಸನೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ ಮಾಡಿದ್ರಲ್ರೀ!"

ಅವನ ಮುಖ ಕೆಂಪೇರಿತು. "ನೀವು ಹತ್ರ ಇದ್ರೆ ತಾನಾಗೇ ಬರುತ್ತೆ. ಒಬ್ಬನೇ ಇದ್ರೆ ಬರಲ್ಲ."

"ಅದನ್ನ ಬಾಯಿಬಿಟ್ಟು ಹೇಳೋಕೆ ಏನು ದಾಡಿ?"

"ಇಲ್ಲಿ ಮಾತಾಡಬಾರದು ಅಂತ ಬೋರ್ಡ್ ಹಾಕಿದ್ದು ನೀವೇ ಅಲ್ವಾ?"

ಮೈಯೆಲ್ಲ ಉರಿಯಿತು. ಆ ಉರಿಯ ಬೆಳಕಿನಲ್ಲೇ ದಾರಿಯೂ ಕಂಡಿತು. ಹೊಸದೊಂದು ಕುಂಡ ತಂದಿಟ್ಟು, ಅದರೆದುರು ಅವನನ್ನು ಕೀಚಲು ದನಿಯಲ್ಲಿ ಮನಸಾರೆ ಬೈದೆ. ಮಕರಂದವನ್ನು ಅಳೆದೆ. ಕಿಂಚಿತ್ತೂ ಏರಿರಲಿಲ್ಲ.

"ಈಗ ನೀವು ಗುನುಗಿ."

"ಹಾಗೆ ದುರುಗುಟ್ಟಿ ನೋಡಿದ್ರೆ ಹೇಗೆ..."

"ಗುನುಗ್ರೀ!"

ಗುನುಗಿದ. ಕೆಲವೇ ನಿಮಿಷಗಳಲ್ಲಿ ಸಿಹಿ ಏರಿತು. ಹೂವು ಎಲ್ಲ ಸದ್ದಿಗೂ ಓಗೊಡುವುದಿಲ್ಲ, ದುಂಬಿಯ ಮಂದ್ರಕ್ಕೆ ಮಾತ್ರ! ಸೋಮವಾರ ನಿರ್ದೇಶಕರ ಕಣ್ಣೆದುರೇ ಮತ್ತೆ ಬೈದೆ, ಮತ್ತೆ ಗುನುಗಿಸಿದೆ. ಬೀಗದಕೈ ನನ್ನಲ್ಲೇ ಉಳಿಯಿತು.

"ಇನ್ನಾದ್ರೂ ಆ ಬೋರ್ಡ್ ತೆಗೀತೀರಾ?" ಎಂದ.

"ತೆಗಿಯಲ್ಲ. ಹೇಳೋದಿದ್ರೆ ಹೊರಗೆ ಬಂದು ಹೇಳಿ."

ಬಂದ. ಹೇಳಿದ. ಮುಖ ಗಂಟಿಕ್ಕಿಕೊಂಡೇ ಒಪ್ಪಿದೆ. ಇಡೀ ವರ್ಷ ಹೂವಿಗೆ ಹೇಳಿ, ನನಗೆ ಹೇಳದೆ ಉಳಿದನಲ್ಲ! ಆ ಸಿಟ್ಟು ಇಂದಿಗೂ ಆರಿಲ್ಲ.

ಪಕ್ಕದ ಕುರ್ಚಿಯ ಮುದುಕರು ಈಗಲೂ ಗುನುಗುತ್ತಿದ್ದಾರೆ. "ರೀ, ಸಾಕು!" ಎಂದು ಗದರಿದೆ.

ಮೊಮ್ಮಗಳು ನನ್ನ ತೋಳಿಗೆ ಒರಗಿ ಕಿಸಕ್ಕನೆ ನಕ್ಕಳು. "ಅಜ್ಜೀ, ತಾತಂಗೆ ಬೈದಿದ್ದು ಇದೆಯಲ್ಲ, ಅಲ್ಲಿಂದ ಇನ್ನೊಂದ್ಸಲ ಹೇಳು."