ಶನಿವಾರ ಕಟ್ಟುವ ನಾಜಲ್

ಅಶ್ವಜಿತ ಭಾಲ್ಕಿಯ ಆ ವಾಷಿಂಗ್ ಸೆಂಟರಿಗೆ ಮೊದಲ ಸಲ ಬಂದಾಗ, ಬೈಕಿನಿಂದ ಇಳಿಯುವ ಮೊದಲೇ ಎರಡು ಪ್ಲೇಟು ಮಿರ್ಚಿ ಭಜಿ ಕೇಳಿದ್ದ.

ವಿಶಾಖಾ ನೀರಿನ ಗನ್ನು ಹಿಡಿದು ಒಂದು ಟ್ರ್ಯಾಕ್ಟರಿನ ಮುಂದೆ ನಿಂತಿದ್ದಳು. ಅವಳ ಹಿಂದೆ ಬಿಸಿನೀರಿನ ಮಷೀನು ಕೆಮ್ಮುತ್ತ ಗುಂಯ್‌ಗುಡುತ್ತಿತ್ತು. ಅದರ ಹೊಗೆಕೊಳವೆಯಿಂದ ಬಿಳಿ ಹೊಗೆ ಎದ್ದು ಡಿಸೆಂಬರಿನ ಬಿಸಿಲಿನಲ್ಲಿ ನಿಧಾನವಾಗಿ ಕರಗುತ್ತಿತ್ತು. ಅವಳು ಆ ಕೊಳವೆಯ ಕಡೆ ಬೊಟ್ಟು ಮಾಡಿದಳು. ಅವನು ಮೂಗೆತ್ತಿ ಮೂಸಿದ. ಭಜಿಯ ವಾಸನೆ ಬರುತ್ತಿದ್ದುದು ಅಲ್ಲಿಂದಲೇ.

"ಮಷೀನ್ ರಿಪೇರಿಗಿ ಬಂದೀರೋ, ನಾಷ್ಟಾಕ್ಕ ಬಂದೀರೋ?" ಎಂದಳು.

ಅವನ ಕಿವಿ ಎರಡೂ ಕೆಂಪಾದವು. ಅಷ್ಟು ಎತ್ತರದ ಆಳಿಗೆ ಅಷ್ಟು ಬೇಗ ಕಿವಿ ಕೆಂಪಾಗುವುದನ್ನು ವಿಶಾಖಾ ಎಲ್ಲಿಯೂ ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ಅವಳು ಸೋತದ್ದು ಅಲ್ಲಿಯೇ. ಉಳಿದದ್ದೆಲ್ಲ ಆ ಸೋಲನ್ನು ಮುಚ್ಚಿಡಲು ಪಟ್ಟ ಪಾಡು.

ಸೆಂಟರು ಅವಳ ಅಪ್ಪ ಕಾಶೀರಾಮನದು. ಟ್ರ್ಯಾಕ್ಟರಿನ ಗ್ರೀಸು, ಕೊಯ್ಲಿನ ಮಷೀನಿನ ಜಿಡ್ಡು ತಣ್ಣೀರಿಗೆ ಜಗ್ಗುವುದಿಲ್ಲ. ನೀರು ಕುದಿಯುವಷ್ಟು ಬಿಸಿಯಾಗಿ ಜೋರಾಗಿ ಹೊಡೆಯಬೇಕು. ಆ ನೀರು ಕಾಯಿಸುವ ಬರ್ನರಿಗೆ ಡೀಸೆಲ್ ಬೇಕು. ಬೀದರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ ಬಂದ ವಿಶಾಖಾ ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಸೋದರತ್ತೆಯ ಭಜಿ ಅಂಗಡಿ ಮುಂದೆ ನಿಂತಿದ್ದಳು. ಕರಿದು ಕಪ್ಪಾದ ಎಣ್ಣೆಯನ್ನು ಅತ್ತೆ ಚೆಲ್ಲಲು ಹೊರಟಾಗ ಇವಳಿಗೆ ಹೊಳೆಯಿತು: ಡೀಸೆಲ್ ಬದಲು ಇದನ್ನೇ ಉರಿಸಿದರೆ? ಡಬ್ಬ ಹೊತ್ತು ತಂದಳು, ಹಳೆ ಸೀರೆಯಲ್ಲಿ ಎರಡೆರಡು ಸಲ ಸೋಸಿದಳು, ಬಿಸಿಲಿಗಿಟ್ಟು ತಿಳಿಯಾಗಿಸಿದಳು, ಬರ್ನರಿಗೆ ಸುರಿದಳು. ಮಷೀನು ಬಿಳಿ ಹೊಗೆ ಕಾರಿತು. ಮಷೀನು ಮಾರಿದ ಬೀದರಿನ ಅಂಗಡಿಗೆ ಫೋನು ಹೋಯಿತು, ಅಂಗಡಿಯವರು ಅಶ್ವಜಿತನನ್ನು ಕಳಿಸಿದರು.

ಅವನು ಬೈಯುತ್ತಾನೆಂದು ಅವಳು ಕಾದಳು. ಅವನು ಬೈಯಲಿಲ್ಲ. ಮಷೀನಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಎಣ್ಣೆ ದಪ್ಪ, ಈ ಚಳಿಗೆ ಇನ್ನೂ ದಪ್ಪ, ಅದನ್ನು ಬೆಂಕಿಗೆ ಸಿಡಿಸುವ ನಾಜಲಿನ ತೂತು ಸೂಜಿಯ ಮೊನೆಯಷ್ಟು, ಹಾಗಾಗಿ ಮಂಜಿನಂತೆ ಸಿಡಿಯಬೇಕಾದದ್ದು ತೊಟ್ಟಿಕ್ಕುತ್ತಿದೆ ಎಂದ. ಎಣ್ಣೆಯನ್ನು ಮೊದಲು ಬೆಚ್ಚಗೆ ಮಾಡಿಕೊಂಡರೆ ಉರಿಯುತ್ತದೆ ಎಂದೂ ಹೇಳಿದ. ಮುಂದಿನ ಶನಿವಾರ ತಾಮ್ರದ ಪೈಪು ತಂದು, ಬಿಸಿನೀರಿನ ಕೊಳವೆಗೆ ಸುತ್ತಿ, ಎಣ್ಣೆಗೆಂದೇ ಬೇರೆ ಟಾಕಿ ಕೂರಿಸಿದ, ಡೀಸೆಲಿನಿಂದ ಎಣ್ಣೆಗೆ ಬದಲಿಸಲು ನಡುವೆ ಒಂದು ಕಾಕ್ ಹಾಕಿದ.

ನೇಮ ಒಂದೇ. ಬೆಳಿಗ್ಗೆ ಡೀಸೆಲಿನಿಂದ ಹೊತ್ತಿಸಬೇಕು, ಮಷೀನು ಕಾದ ಮೇಲೆ ಕಾಕ್ ತಿರುವಿ ಎಣ್ಣೆಗೆ ಬಿಡಬೇಕು. ಸಂಜೆ ಬಂದ್ ಮಾಡುವ ಮುಂಚೆ ಮತ್ತೆ ಕಾಕ್ ತಿರುವಿ ಸ್ವಲ್ಪ ಹೊತ್ತು ಡೀಸೆಲ್ ಹರಿಸಬೇಕು. ಇಲ್ಲವಾದರೆ ಉಳಿದ ಎಣ್ಣೆ ರಾತ್ರಿಯ ಚಳಿಗೆ ಗಟ್ಟಿಯಾಗಿ ನಾಜಲ್ ಕಟ್ಟುತ್ತದೆ.

"ಸಂಜಿಕ ಕಾಕ್ ತಿರುವೂದೊಂದು ಮರೀಬ್ಯಾಡ್ರಿ," ಎಂದ.

ಬರ್ನರಿಗೆ ಒಂದು ಸಣ್ಣ ಗಾಜಿನ ಕಿಂಡಿ ಇತ್ತು. ಎಣ್ಣೆ ಹೊತ್ತಿತೋ ಇಲ್ಲವೋ ನೋಡಲು ಇಬ್ಬರೂ ಒಟ್ಟಿಗೇ ಬಗ್ಗಿದರು. ಒಳಗೆ ಕುಸುಬಿ ಹೂವಿನ ಬಣ್ಣದ ಬೆಂಕಿ ತುಂಬಿಕೊಂಡಿತ್ತು. ಆ ಬೆಳಕು ಅವನ ಕೆನ್ನೆಯ ಮೇಲೆ ಅಲುಗುತ್ತಿತ್ತು. ವಿಶಾಖಾ ಬೆಂಕಿ ನೋಡುವುದನ್ನು ಬಿಟ್ಟು ಕೆನ್ನೆ ನೋಡಿದಳು. ಅವನು ತಿರುಗಿದಾಗ ಸಿಕ್ಕಿಬಿದ್ದಳು, ಹೊಗೆ ಕಣ್ಣಿಗೆ ಹೋಯಿತೆಂದು ಸೆರಗಿನಿಂದ ಕಣ್ಣು ಉಜ್ಜಿಕೊಂಡಳು. ಅಲ್ಲಿ ಹೊಗೆ ಇರಲೇ ಇಲ್ಲ.

ಕಾಶೀರಾಮ ಮಾತ್ರ ಈ ಎಣ್ಣೆಗೆ ಅಷ್ಟು ಬೇಗ ಒಲಿಯುವವನಲ್ಲ. ಸಂಕ್ರಾಂತಿಯ ತನಕ ನೋಡುತ್ತೇನೆ, ಎಣ್ಣೆ ಬೇಡವೆಂದು ಆ ಹುಡುಗನೇ ಹೇಳಿದ ದಿನ ಟಾಕಿ ಕಿತ್ತು ಹಾಕಿಸುತ್ತೇನೆ ಎಂದಿದ್ದ.

ಮಷೀನು ಚೆನ್ನಾಗಿ ನಡೆಯಿತು, ಅದೇ ತೊಂದರೆಯಾಯಿತು. ಮುಂದಿನ ಶನಿವಾರ ಅವನು ಬರಲಿಲ್ಲ. ಕೆಟ್ಟಿರದ ಮಷೀನಿಗೆ ಮೆಕ್ಯಾನಿಕ್ ಯಾಕೆ ಬರುತ್ತಾನೆ? ದಿನವಿಡೀ ವಿಶಾಖಾಳ ಕಣ್ಣು ಬೀದರ ರಸ್ತೆಯ ಮೇಲೆ. ಒಂದು ಜೀಪಿನ ಒಂದೇ ಬಾಗಿಲನ್ನು ಮೂರು ಸಲ ತೊಳೆದಳು. ಡ್ರೈವರ್ ಹೇಳಿದ ಮೇಲೆ ಗೊತ್ತಾಯಿತು.

ಅದರ ಮುಂದಿನ ಶುಕ್ರವಾರ ಸಂಜೆ ಅವಳು ಕಾಕ್ ತಿರುವಲಿಲ್ಲ.

ಶನಿವಾರ ಬೆಳಿಗ್ಗೆ ಮಷೀನು ಕೆಮ್ಮಿತು, ಫೋನು ಹೋಯಿತು, ಅವನು ಬಂದ. ತನ್ನ ಊರು ಔರಾದ, ವಾರವೆಲ್ಲ ಬೀದರದಲ್ಲಿ ಕೋಣೆ ಮಾಡಿಕೊಂಡಿದ್ದು ಶನಿವಾರ ಊರಿಗೆ ಹೋಗುತ್ತೇನೆ, ಭಾಲ್ಕಿ ದಾರಿಯಲ್ಲೇ ಬರುತ್ತದೆ, ಹಾಗಾಗಿ ತೊಂದರೆಯೇನಿಲ್ಲ ಎಂದ. ಬೀದರದಿಂದ ಔರಾದಕ್ಕೆ ನೇರ ರಸ್ತೆ ಇದೆ. ಭಾಲ್ಕಿ ಸುತ್ತಿಕೊಂಡು ಹೋದರೆ ದಾರಿ ದುಪ್ಪಟ್ಟು. ಈ ಸೀಮೆಯ ಸಾಲಿ ಮಕ್ಕಳಿಗೂ ಗೊತ್ತಿರುವ ಮಾತಿದು. ವಿಶಾಖಾ ಅದನ್ನು ಎತ್ತದೆ ಭಜಿ ತರಿಸಿದಳು.

ಹೀಗೆ ಶನಿವಾರಗಳು ಬಂದವು. ಅವನು ನಾಜಲ್ ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಸುತ್ತಿದ್ದ, ಊದುತ್ತಿದ್ದ, ಆಕಾಶಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ತೆರೆದ ಕಣ್ಣು ಒಮ್ಮೊಮ್ಮೆ ಆಕಾಶ ಬಿಟ್ಟು ಅವಳ ಕಡೆ ಜಾರುತ್ತಿತ್ತು. ಅತ್ತೆಯ ಅಂಗಡಿಯಿಂದ ಭಜಿ ಬರುತ್ತಿತ್ತು, ಮೆಣಸಿನಕಾಯಿಯ ಖಾರಕ್ಕೆ ಅವನ ಮೂಗು ಸೋರುತ್ತಿತ್ತು, ಅವಳು ನಗುತ್ತಿದ್ದಳು. ಹೊರಡುವಾಗ ಪ್ರತಿ ಸಲವೂ ಸಂಜೆ ಕಾಕ್ ತಿರುವಿದ್ದಿರಾ ಎಂದು ಕೇಳುತ್ತಿದ್ದ. ತಿರುವಿದ್ದೆ ಎನ್ನುತ್ತಿದ್ದಳು. ಅವನು ನಂಬುತ್ತಿದ್ದ.

ಆ ನಂಬಿಕೆಯೇ ಮುಳುವಾಯಿತು.

ಸಂಕ್ರಾಂತಿಯ ಹಿಂದಿನ ಶನಿವಾರ ಅವನು ಬಂದಾಗ ಮುಖ ಬಾಡಿತ್ತು. ಭಜಿ ಮುಟ್ಟಲಿಲ್ಲ. ನೇರ ಕಾಶೀರಾಮನ ಮುಂದೆ ನಿಂತ.

"ಕಾಕಾ, ನಂದೇ ತಪ್ಪರಿ. ನಾ ಹಾಕಿದ ಪೈಪ್ ಸರಿ ಆಗಿಲ್ಲ. ಎಣ್ಣಿ ಟಾಕಿ ಬಿಚ್ಚಿಬಿಡ್ತೇನಿ."

ಕಾಶೀರಾಮ ತಲೆಯಾಡಿಸಿ, ಚಹಾ ಹೇಳಲು ಒಳಗೆ ಹೋದ. ಅಶ್ವಜಿತ ಟಾಕಿಯ ಮೊದಲ ನಟ್ಟಿಗೆ ಪಾನಾ ಇಟ್ಟ. ಗೋಡೆ ಬದಿಗೆ ಸೋಸಿದ ಎಣ್ಣೆಯ ಡಬ್ಬಗಳು ಬಿಸಿಲು ಕಾಯುತ್ತಿದ್ದವು. ತನ್ನ ಭಜಿಯ ಎಣ್ಣೆಯಿಂದ ಸೋದರಸೊಸೆಯ ಮಷೀನು ನಡೆಯುತ್ತದೆಂದು ಅತ್ತೆ ಇಡೀ ಬಸ್ ಸ್ಟ್ಯಾಂಡಿಗೆ ಹೇಳಿದ್ದಳು. ಅದೆಲ್ಲ ಹೋದರೆ ಹೋಗಲಿ ಎಂದು ವಿಶಾಖಾ ಹಲ್ಲು ಕಚ್ಚಬಹುದಿತ್ತು. ತಪ್ಪನ್ನು ಅವನು ಹೊತ್ತುಕೊಂಡದ್ದು ಮಾತ್ರ ಅವಳಿಗೆ ತಡೆಯಲಾಗಲಿಲ್ಲ. ನಿಜ ಹೇಳಿದರೆ ಮನಸ್ಸಿನಲ್ಲಿದ್ದದ್ದೂ ಅದರ ಜೊತೆಗೇ ಹೊರಬರುತ್ತದೆ, ಮುಚ್ಚಿಡಲು ಏನೂ ಉಳಿಯುವುದಿಲ್ಲ.

"ಬಿಚ್ಚಬ್ಯಾಡ್ರಿ," ಎಂದಳು. "ಎಣ್ಣಿದು ತಪ್ಪಿಲ್ಲ, ನಿಮ್ಮ ಪೈಪಿಂದೂ ಇಲ್ಲ. ಶುಕ್ರವಾರ ಸಂಜಿಕ ನಾ ಕಾಕ್ ತಿರುವ್ತಿದ್ದಿಲ್ಲ."

"ಮರೀತಿದ್ರೇನು?"

"ಇಲ್ಲರಿ. ನೆನಪಿಟ್ಟೇ ಬಿಡ್ತಿದ್ದೆ. ಮಷೀನ್ ಚಲೋ ಇದ್ರ ನೀವು ಬರ್ತಿದ್ದಿಲ್ಲಲ್ಲ."

ಪಾನಾ ನಟ್ಟಿನ ಮೇಲೆಯೇ ನಿಂತಿತು. ಅವನು ಎದ್ದು ನಳದ ಹತ್ತಿರ ಹೋಗಿ ಕೈ ತೊಳೆದ, ಬಹಳ ಹೊತ್ತು ತೊಳೆದ. ಬೆನ್ನು ಮಾತ್ರ ಕಾಣುತ್ತಿತ್ತು. ಸಿಟ್ಟು ಬಂದಿದೆ, ಇನ್ನು ಬರುವುದಿಲ್ಲ ಎಂದುಕೊಂಡಳು ವಿಶಾಖಾ.

"ನನ್ನ ಕೆಲಸದಾಗ ಏನ್ ತಪ್ಪಾಗ್ಯದ ಅಂತ ನಾ ನಿದ್ದಿಗೆಟ್ಟೇನ್ರಿ," ಎಂದ ಅವನು, ತಿರುಗದೆ.

ತಪ್ಪಾಯಿತು ಎನ್ನಲು ಹೋದಳು. ಅಳು ಬಂದು ಮಾತು ಅರ್ಧಕ್ಕೇ ನಿಂತಿತು. ಆಗ ಅವನು ತಿರುಗಿದ.

"ನೀವೂ ಒಂದು ಮಾತು ಕೇಳಲಿಲ್ಲ. ಔರಾದಕ್ಕ ಹೋಗಾಂವ ಭಾಲ್ಕಿಗಿ ಯಾಕ ಬರ್ತಾನ ಅಂತ."

ಅವನ ಕಿವಿ ಕೆಂಪಾಗಿದ್ದವು. ಕಣ್ಣೀರಿನಲ್ಲೇ ಅವಳಿಗೆ ನಗು ಬಂತು.

"ಕೇಳಿದ್ರ ಏನ್ ಹೇಳ್ತಿದ್ರಿ?"

"ನಿಮ್ಮನ್ನ ನೋಡ್ಲಿಕ್ಕ ಅಂತ ಹೇಳ್ತಿದ್ದೆ."

ಕಾಶೀರಾಮ ಚಹಾ ಹಿಡಿದು ಬಂದಾಗ ಹುಡುಗ ಬಿಚ್ಚಬೇಕಾದ ನಟ್ಟನ್ನು ಬಿಗಿ ಮಾಡುತ್ತಿದ್ದ. ಯಾಕೆಂದು ಕೇಳಿದ್ದಕ್ಕೆ ತಪ್ಪು ಸಿಕ್ಕಿತು ಎಂದ. ಕಾಶೀರಾಮ ಮಗಳ ಒದ್ದೆ ಕಣ್ಣು ನೋಡಿದ, ಹುಡುಗನ ಕಿವಿ ನೋಡಿದ, ಟಾಕಿ ಇರಲಿ ಬಿಡು ಎಂದು ಚಹಾ ಕೊಟ್ಟ.

ಹಬ್ಬ ಕಳೆದು ಬಂದ ಶುಕ್ರವಾರ ಸಂಜೆ ವಿಶಾಖಾ ಕಾಕ್ ತಿರುವಿದಳು, ಡೀಸೆಲ್ ಹರಿಯುವ ತನಕ ಕಾದು ನಿಂತಳು. ಶನಿವಾರ ಬರ್ನರು ಒಂದೇ ಸಲಕ್ಕೆ ಹೊತ್ತಿತು. ಫೋನು ಮಾಡಲು ಕಾರಣವಿರಲಿಲ್ಲ. ಬಿಸಿನೀರಿನ ಹಬೆಯ ನಡುವೆ ನಿಂತು, ಕಾರಣವಿಲ್ಲದೆ ಅವನು ಬರುತ್ತಾನೆಯೇ ಎಂದು ರಸ್ತೆ ನೋಡಿದಳು.

ಬೈಕು ಬಂತು. ಪಾನಾ ಚೀಲ ಇರಲಿಲ್ಲ. ಹಿಂದಿನ ಸೀಟಿನಲ್ಲಿ ತಲೆಗೆ ಶಾಲು ಸುತ್ತಿಕೊಂಡ ಹಿರಿಯ ಹೆಂಗಸೊಬ್ಬಳು ಮಗನ ಹೆಗಲು ಹಿಡಿದು ಕೂತಿದ್ದಳು: ಅವನ ತಾಯಿ ಗಿರಿಜಾಬಾಯಿ. ಮಗ ನೇರ ರಸ್ತೆ ಬಿಟ್ಟು ಸುತ್ತು ಹಾಕುವುದು ಯಾರಿಗಾಗಿ ಎಂದು ನೋಡಲು ಔರಾದದಿಂದ ಬಂದಿದ್ದಳು. ಇಳಿದವಳೇ ಮೂಗೆತ್ತಿ ಗಾಳಿ ಮೂಸಿದಳು.

"ಇಲ್ಲಿ ಯಾರೋ ಭಜಿ ಕರೀಲಿಕತ್ತಾರ ನೋಡು," ಎಂದಳು ಮಗನಿಗೆ. "ಮೊದಲ ಒಂದ್ ಪ್ಲೇಟ್ ತರಿಸು. ಹುಡುಗಿನ್ನ ಆಮ್ಯಾಲ ನೋಡಮು."

ವಿಶಾಖಾ ಕೊಳವೆಯ ಕಡೆ ಬೊಟ್ಟು ಮಾಡಲು ಹೋದಳು, ಕೈ ಏಳಲಿಲ್ಲ. ಈ ಸಲ ಕಿವಿ ಕೆಂಪಾದದ್ದು ಅವಳದು.